ಹಣೆಬರಹ ಮತ್ತು ಹಲ್ಲಿನ ಬರಹ

ದನದ ಸಂತೆಗೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಕೊಳ್ಳುವವನು ಹೋರಿಯ ಮೂಗುದಾರ ಹಿಡಿದು, ಹೆಬ್ಬೆರಳನ್ನು ತುಟಿಯ ಸಂದಿಗೆ ತೂರಿಸಿ ಬಾಯಿ ಬಿಡಿಸುತ್ತಾನೆ. 'ಇನ್ನೂ ಹಲ್ಲಾಕಿಲ್ಲ', 'ಎರಡಲ್ಲು', 'ನಾಕಲ್ಲು', 'ಬಾಯ್ಗೂಡ್ಬುಟ್ಟದೆ' – ಅಷ್ಟೇ ಮಾತು. ಹೋರಿಗೆ ಜಾತಕವಿಲ್ಲ, ಜನನ ಪತ್ರವಿಲ್ಲ. ಮಾರುವವನು ಎಷ್ಟು ಬಣ್ಣ ಕಟ್ಟಿ ಹೇಳಿದರೂ ಹಲ್ಲು ಸುಳ್ಳು ಹೇಳುವುದಿಲ್ಲ ಎಂಬುದು ಸಂತೆಯ ನಂಬಿಕೆ.

ನಮ್ಮ ಚಿಕ್ಕರಸಿನಕೆರೆ ಮೂಕಪ್ರಾಣಿಯ ಸಾಕ್ಷಿಯನ್ನು ನಂಬುವ ಊರು. ಕಾಲಭೈರವೇಶ್ವರನ ಬಸವಪ್ಪನ ಮುಂದೆ ಜನ ತಮ್ಮ ಕಷ್ಟ ಹೇಳಿಕೊಂಡು ನಿಲ್ಲುತ್ತಾರೆ. ಬಾಯಿಲ್ಲದ ಪ್ರಾಣಿ ನಿಜ ತೋರಿಸುತ್ತದೆ ಎಂಬ ಈ ನಂಬಿಕೆಯನ್ನು ನಾವು ಹೀಯಾಳಿಸಲು ಹೊರಟಿಲ್ಲ. ಆದರೆ ಅದೇ ಊರಿನಲ್ಲಿ ಮನುಷ್ಯರ ಕಷ್ಟಕ್ಕೆ ಕಾರಣವೇನು ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಎಲ್ಲಾ ಅಣೆಬರ ಕಣಪ್ಪ.' ಹುಟ್ಟಿದ ಆರನೆಯ ರಾತ್ರಿ ಬ್ರಹ್ಮ ಬಂದು ಹಣೆಯ ಮೇಲೆ ಬರೆದು ಹೋಗುತ್ತಾನಂತೆ. ಆ ಅಕ್ಷರವನ್ನು ಕಂಡವರು ಯಾರೂ ಇಲ್ಲ. ಓದಿದವರು ಇಲ್ಲ. ಆದರೂ ಅದನ್ನು ನಂಬಿ ನಮ್ಮ ಕೇರಿಯ ಎಷ್ಟೋ ತಲೆಮಾರು ಮಣ್ಣಾದವು.

ಕಣ್ಣಿಗೆ ಕಾಣುವ ಇನ್ನೊಂದು ಬರಹವಿದೆ. ಅದು ಇರುವುದು ಹಣೆಯ ಮೇಲಲ್ಲ, ಬಾಯೊಳಗೆ. ಅದನ್ನು ಕುರಿತು ನಾವು ಇಲ್ಲಿ ಮಾತಾಡಬೇಕೆಂದಿದ್ದೇವೆ.

ನಮ್ಮಜ್ಜಿಗೆ ಈಗ ಉಳಿದಿರುವುದು ಮುಂದಿನ ಐದಾರು ಹಲ್ಲು. ಅವಳು ನಕ್ಕಾಗ ಆ ಹಲ್ಲುಗಳ ನಡುಮಧ್ಯೆ ಅಡ್ಡಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಉಗುರಿನಿಂದ ಸವರಿದರೆ ತಗ್ಗು ಸಿಗುತ್ತದೆ. ನೇಗಿಲು ಒಂದು ಸಾಲು ಎಳೆದು ಹೋದ ಹಾಗೆ. ಎಲ್ಲ ಹಲ್ಲಿನಲ್ಲೂ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. 'ಇದೇನಜ್ಜಿ?' ಅಂದರೆ, 'ನಂಗೇನ್ಲಾ ಗೊತ್ತು, ಹುಟ್ಟಿದಾಗ್ನಿಂದ್ಲೂ ಅಂಗೇ ಅದೆ' ಅನ್ನುತ್ತಾಳೆ. ಅಜ್ಜಿ ಹುಟ್ಟಿದ ವರ್ಷ ಅವಳಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಹಾಕಿಕೊಟ್ಟಿದ್ದಾರೆ. ಸಂತೆಯ ಹೋರಿಗಿರುವಷ್ಟು ದಾಖಲೆಯೂ ಅವಳಿಗಿಲ್ಲ ಎಂದುಕೊಂಡಿದ್ದೆವು. ತಪ್ಪಾಗಿತ್ತು. ದಾಖಲೆ ಇತ್ತು, ನಮಗೆ ಓದಲು ಬರುತ್ತಿರಲಿಲ್ಲ.

ನಮ್ಮ ಮುಂದಿನ ಹಲ್ಲುಗಳಲ್ಲೂ ಅಂಥ ಗೆರೆ ಇದೆ, ಅಜ್ಜಿಯದಕ್ಕಿಂತ ತೆಳು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರೊಬ್ಬರು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿದರು. ನಮ್ಮ ಸರದಿ ಬಂದಾಗ, 'ಕಬ್ಬು ಕದ್ದು ತಿಂದು ತಿಂದು ಹಲ್ಲು ಹಾಳು ಮಾಡ್ಕಂಡವೆ ನೋಡು ಕೋತಿಗಳು' ಅಂದರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತೆವು. ಕಾಲೇಜು ಮುಗಿಸಿ, ಪದವಿ ತೆಗೆದುಕೊಂಡು, ನಾಲ್ಕು ಕವಿತೆ ಬರೆದ ಮೇಲೂ ಆ ಕೈ ಸುಲಭವಾಗಿ ಕೆಳಗಿಳಿಯಲಿಲ್ಲ. ಅದನ್ನು ಇಳಿಸಿದ್ದು ಯಾವ ಕಾವ್ಯವೂ ಅಲ್ಲ, ಕೋತಿಗಳ ಹಲ್ಲನ್ನು ಕುರಿತ ವಿಜ್ಞಾನ. ಮೇಷ್ಟ್ರು ಬೈಗುಳವಾಗಿ ಬಳಸಿದ ಆ ಪ್ರಾಣಿಯೇ ನಮ್ಮ ಪರ ಸಾಕ್ಷಿ ಹೇಳಿತು.

ಮೊದಲು ಹಲ್ಲು ಹೇಗೆ ಬರೆಯುತ್ತದೆ ಎಂಬುದನ್ನು ತಿಳಿಯೋಣ. ಹಲ್ಲಿನ ಮೇಲಿನ ಬಿಳಿ ಕವಚಕ್ಕೆ ಎನಾಮಲ್ ಎನ್ನುತ್ತಾರೆ. ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಹಲ್ಲು ಇನ್ನೂ ವಸಡಿನ ಒಳಗೆ, ದವಡೆಯ ಮೂಳೆಯಲ್ಲಿ ಅಡಗಿರುವಾಗಲೇ ಜೀವಕೋಶಗಳು ಈ ಕವಚವನ್ನು ಪದರ ಪದರವಾಗಿ ಕಟ್ಟುತ್ತವೆ. ಗೋಡೆ ಕಟ್ಟುವವರು ದಿನಕ್ಕಿಷ್ಟು ವರಸೆ ಎಂದು ಏರಿಸುವಂತೆ ಇವೂ ದಿನದಿನದ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ದಿನದ ಗುರುತೂ ಕಾಣುತ್ತದೆ. ಮನುಷ್ಯರಲ್ಲಿ ಸುಮಾರು ಎಂಟು ಒಂಬತ್ತು ದಿನಕ್ಕೊಮ್ಮೆ ಇನ್ನೂ ದಪ್ಪನೆಯ ಗುರುತು ಬೀಳುತ್ತದೆ. ಹುಟ್ಟಿದ ದಿನಕ್ಕೇ ಒಂದು ಗೆರೆಯುಂಟು. ತಾಯ ಹೊಟ್ಟೆಯಿಂದ ಹೊರಗೆ ಬಿದ್ದ ಆಘಾತವನ್ನೂ ಹಾಲುಹಲ್ಲು ಬರೆದಿಟ್ಟುಕೊಳ್ಳುತ್ತದೆ.

ಮಗುವಿಗೆ ಹೊಟ್ಟೆಗಿಲ್ಲದಾಗ, ಜ್ವರ ಬಂದು ದಿನಗಟ್ಟಲೆ ಮಲಗಿದಾಗ, ಭೇದಿಯಾಗಿ ಮೈ ಬತ್ತಿದಾಗ ಈ ಕೆಲಸ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಮೈ ಮೊದಲು ಉಸಿರು ಉಳಿಸಿಕೊಳ್ಳಬೇಕು, ಆಮೇಲೆ ಹಲ್ಲು. ಮಗು ಚೇತರಿಸಿಕೊಂಡರೆ ಕೆಲಸ ಮತ್ತೆ ಶುರುವಾಗುತ್ತದೆ. ಆದರೆ ನಿಂತಲ್ಲಿ ಕವಚ ತೆಳುವಾಗಿ ಒಂದು ತಗ್ಗು, ಒಂದು ಅಡ್ಡಗೆರೆ ಉಳಿಯುತ್ತದೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮುಚ್ಚುತ್ತದೆ. ಎನಾಮಲ್ಲಿಗೆ ಆ ಭಾಗ್ಯವಿಲ್ಲ. ಹಲ್ಲು ಹೊರಗೆ ಬರುವ ಹೊತ್ತಿಗೆ ಅದನ್ನು ಕಟ್ಟಿದ ಜೀವಕೋಶಗಳು ಸತ್ತಿರುತ್ತವೆ. ಹಾಗಾಗಿ ತಗ್ಗು ತಗ್ಗಾಗಿಯೇ ಇರುತ್ತದೆ, ಬದುಕಿರುವಷ್ಟು ದಿನ ಮತ್ತು ಸತ್ತ ಮೇಲೂ. ಇದಕ್ಕೆ ಎನಾಮಲ್ ಹೈಪೋಪ್ಲೇಸಿಯಾ ಎಂದು ಹೆಸರು. ಪಾವಗಡದ ಕಡೆ ನೀರಿನ ಫ್ಲೋರೈಡಿನಿಂದ ಹಲ್ಲಿಗೆ ಹಿಡಿಯುವ ಕಂದು ಬಣ್ಣ ಬೇರೆ, ಈ ಗೆರೆ ಬೇರೆ. ಕಬ್ಬು ತಿಂದರೆ ಹಲ್ಲು ಹುಳುಕಾಗಬಹುದು, ಈ ಗೆರೆ ಬೀಳುವುದಿಲ್ಲ. ಆದರೆ ಗೆರೆ ಬಿದ್ದ ಹಲ್ಲಿನ ತೆಳು ಜಾಗದಲ್ಲಿ ಹುಳುಕು ಬೇಗ ಹತ್ತುತ್ತದೆ. ಹಸಿವು ಒಮ್ಮೆ ಹೊಡೆದ ಜಾಗಕ್ಕೇ ರೋಗ ಮತ್ತೆ ಬರುತ್ತದೆ.

ಮುಂದಿನ ಹಲ್ಲುಗಳ ಕವಚ ಕಟ್ಟುವ ಕೆಲಸ ಹುಟ್ಟಿದ ಕೆಲವು ತಿಂಗಳಿಗೆ ಶುರುವಾಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಅಂದರೆ ನಮ್ಮಜ್ಜಿಯ ಹಲ್ಲಿನ ನಡುವಿನ ಗೆರೆ ಅವಳಿಗೆ ಎರಡು ಮೂರು ವರ್ಷವಿದ್ದಾಗ ಬಿದ್ದದ್ದು. ಹಾಲು ಬಿಡಿಸುವ ವಯಸ್ಸು. ಅವ್ವನ ಮೊಲೆ ಬತ್ತಿತು, ಮಡಕೆಯಲ್ಲಿ ಗಂಜಿ ಇರಲಿಲ್ಲ. ಅಥವಾ ಜ್ವರ ಬಂದಿತ್ತು. ಎರಡೂ ಒಟ್ಟಿಗೇ ಬಂದಿರಬಹುದು. ಅವಳಿಗೆ ನೆನಪಿಲ್ಲ. ಹಲ್ಲಿಗೆ ನೆನಪಿದೆ.

ಇನ್ನು ಮಂಗಗಳ ವಿಚಾರ. ಮನುಷ್ಯರಿಗೆ ಹತ್ತಿರದ ಬಂಧುಗಳಾದ ಮಂಗ, ಗೊರಿಲ್ಲ, ಚಿಂಪಾಂಜಿ, ಒರಾಂಗುಟಾನ್‌ಗಳಲ್ಲೂ ಇದೇ ಗೆರೆ ಬೀಳುತ್ತದೆ. ಮೃಗಾಲಯದಲ್ಲಿ ಬೆಳೆದು ಚಿಕ್ಕಂದಿನಲ್ಲೇ ಸತ್ತ ಗೊರಿಲ್ಲವೊಂದರ ಹಲ್ಲನ್ನು ಸೀಳಿ ಓದಿದ ವರದಿ 2006ರಲ್ಲಿ ಬಂತು. ಹಲ್ಲಿನೊಳಗಿನ ಗುರುತುಗಳನ್ನು ದಿನ ಎಣಿಸಿ ಮೃಗಾಲಯದ ದಾಖಲೆಯ ಜೊತೆ ಇಟ್ಟು ನೋಡಿದರು. ಕಣ್ಣಿಗೆ ಪೆಟ್ಟಾದದ್ದು, ಆಸ್ಪತ್ರೆಗೆ ಸೇರಿಸಿದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದು – ಇಂಥವು ಹಲ್ಲಿನ ಗುರುತುಗಳಿಗೆ ತಾಳೆಯಾದವು. 2013ರಲ್ಲಿ ಮಂಗಗಳ ಹಲ್ಲಿನಲ್ಲಿರುವ ಬೇರಿಯಂ ಎಂಬ ಧಾತುವನ್ನು ಅಳೆದು, ಮರಿ ಎಷ್ಟು ದಿನ ತಾಯಿಯ ಹಾಲು ಕುಡಿಯಿತೆಂದು ಹೇಳಬಹುದೆಂದು ತೋರಿಸಿದರು. ಅವುಗಳಲ್ಲಿ ಒಂದು ಮರಿಗೆ 166ನೆಯ ದಿನ ಹಾಲು ತಟ್ಟನೆ ನಿಂತಿತ್ತು. ಅದನ್ನು ತಾಯಿಯಿಂದ ಅಗಲಿಸಿದ್ದರು. ಅಗಲಿಸಿದವರು ದಿನಚರಿಯಲ್ಲಿ ಒಂದು ಸಾಲು ಬರೆದಿರಬಹುದು. ಮರಿ ತನ್ನ ಹಲ್ಲಿನಲ್ಲೇ ಬರೆದುಕೊಂಡಿತು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಒಂದು ನಡುಗಡ್ಡೆಯ ಕಥೆ. 1938ರಲ್ಲಿ ಕಾರ್ಪೆಂಟರ್ ಎಂಬ ಅಮೆರಿಕದ ವಿಜ್ಞಾನಿ ಉತ್ತರ ಭಾರತದಿಂದ ನಾನೂರಕ್ಕೂ ಹೆಚ್ಚು ರೀಸಸ್ ಮಂಗಗಳನ್ನು ಹಿಡಿಸಿ ಹಡಗಿನಲ್ಲಿ ಸಾಗಿಸಿದ. ಪೋರ್ಟೊರಿಕೊ ಬಳಿಯ ಕಾಯೊ ಸ್ಯಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ ಅವನ್ನು ಇಳಿಸಿದರು. ಇದೇ ನೆಲದ ಮನುಷ್ಯರನ್ನು ಕೂಲಿ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಬ್ಬಿನ ತೋಟಗಳಿಗೆ ಹಡಗು ಹತ್ತಿಸಿದ ಕಾಲ ಮುಗಿದು ಆಗ ಇಪ್ಪತ್ತು ವರ್ಷವಾಗಿತ್ತಷ್ಟೆ. ಮಂಗಗಳಿಗೆ ಹೆಬ್ಬೆಟ್ಟೂ ಬೇಕಿರಲಿಲ್ಲ. (ಭಾರತ ಸರ್ಕಾರ ಈ ಮಂಗಗಳ ರಫ್ತನ್ನು ನಿಲ್ಲಿಸಿದ್ದು 1978ರಲ್ಲಿ.) ಆ ದ್ವೀಪದಲ್ಲಿ ಅಷ್ಟು ಮಂಗಗಳಿಗೆ ಸಾಕಾಗುವ ಹಣ್ಣಿಲ್ಲ, ಕಾಯಿಲ್ಲ. ಸಾಕುವವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 1956ಕ್ಕೆ ಮೊದಲು ಒಮ್ಮೆ ಆಹಾರ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಆಮೇಲೆ ತಪ್ಪದೆ ಬರತೊಡಗಿತು. ಸತ್ತ ಮಂಗಗಳ ಅಸ್ಥಿಪಂಜರಗಳನ್ನು ಕಾಪಾಡಿಟ್ಟಿದ್ದಾರೆ. ಗ್ವಾಟೆಲ್ಲಿ-ಸ್ಟೈನ್‌ಬರ್ಗ್ ಎಂಬ ವಿಜ್ಞಾನಿ ಜೊತೆಗಾರರೊಂದಿಗೆ ಆ ಹಲ್ಲುಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಆಹಾರ ಹೊತ್ತುಹೊತ್ತಿಗೆ ಸಿಗತೊಡಗಿದ ಮೇಲೆ ಬೆಳೆದ ಮಂಗಗಳ ಹಲ್ಲಿನಲ್ಲಿ ಗೆರೆ ಕಡಿಮೆಯಾಗಿತ್ತು.

ಜಾತಿ ಅದೇ, ವಂಶ ಅದೇ, ದ್ವೀಪ ಅದೇ, ಬಿಸಿಲು ಮಳೆ ಅದೇ. ಬದಲಾದದ್ದು ಅನ್ನ ಬರುವ ರೀತಿ. ಬ್ರಹ್ಮ ಆ ದ್ವೀಪಕ್ಕೆ ಹೋಗಿ 1956ರಲ್ಲಿ ಮಂಗಗಳ ಹಣೆಯನ್ನು ಒರೆಸಿ ಬೇರೆ ಬರೆದನೆ?

ಇಲ್ಲಿಂದಲೇ ನಮ್ಮ ನೀತಿಯ ಪ್ರಶ್ನೆ ಶುರುವಾಗುತ್ತದೆ. ಹಲ್ಲಿನ ಗೆರೆ ಕಂಡ ಕೂಡಲೆ 'ಇದು ಅನ್ಯಾಯ' ಎಂದು ಕೂಗಬಹುದೆ?

ಕೂಗಲಾಗದು. ನಾವು ಪ್ರಾಮಾಣಿಕರಾಗಿರಬೇಕು. ಗೆರೆ ಹೇಳುವುದು ಇಷ್ಟೇ: ಇಂಥ ವಯಸ್ಸಿನಲ್ಲಿ ಈ ಮೈಗೆ ತಡೆಯಲಾಗದ ಕಷ್ಟ ಬಂದಿತ್ತು. ಹಸಿವೋ, ದಡಾರವೋ, ಜಂತುಹುಳವೋ ಎಂದು ಅದು ಬಿಡಿಸಿ ಹೇಳುವುದಿಲ್ಲ. ಮನುಷ್ಯನ ಕೈ ತಾಗದ ಕಾಡಿನಲ್ಲೂ ಗೆರೆ ಬೀಳುತ್ತದೆ. ಚಿಂಪಾಂಜಿ, ಒರಾಂಗುಟಾನ್‌ನಂಥ ದೊಡ್ಡ ವಾನರಗಳಲ್ಲಿ ಸಣ್ಣ ಮಂಗಗಳಿಗಿಂತ ಗೆರೆ ಹೆಚ್ಚು. ಅವುಗಳ ಬಾಲ್ಯ ದೀರ್ಘ, ಹಲ್ಲು ಬೆಳೆಯುವ ಕಾಲವೂ ದೀರ್ಘ, ಹಾಗಾಗಿ ಕಷ್ಟಕ್ಕೆ ಸಿಕ್ಕಿಬೀಳುವ ದಿನಗಳೂ ಹೆಚ್ಚು ಎಂಬುದು ಒಂದು ಕಾರಣ. ಕಾಡಿನಲ್ಲಿ ಹಣ್ಣು ಬಿಡುವ ಕಾಲ, ಬಿಡದ ಕಾಲ ಎಂದಿದೆ. ಮಳೆ ತಂದ ಜ್ವರವಿದೆ. ಅದಕ್ಕೆಲ್ಲ ಯಾರನ್ನು ಹೊಣೆ ಮಾಡುವುದು?

ಹಾಗಾದರೆ ಯಾವ ಹಸಿವು ಅನ್ಯಾಯ, ಯಾವುದು ಬರೀ ಸಂಕಟ? ಇವೆರಡರ ನಡುವೆ ನಾವು ಎಳೆಯುವ ಗಡಿ ಇದು: ಬೀಗದ ಕೈ ಇರುವ ಕಡೆ ಹಸಿವು ಅನ್ಯಾಯವಾಗುತ್ತದೆ. ಕಾಡಿನಲ್ಲಿ ಅತ್ತಿಮರಕ್ಕೆ ಬೀಗವಿಲ್ಲ. ಹಣ್ಣಿಲ್ಲದಿದ್ದರೆ ಯಾರಿಗೂ ಇಲ್ಲ. ದ್ವೀಪದಲ್ಲಿ ಬೀಗವಿತ್ತು, ಅದರ ಕೈ ಒಬ್ಬರ ಹತ್ತಿರವಿತ್ತು. ಮಂಗಗಳನ್ನು ಅವುಗಳ ಕಾಡಿನಿಂದ ಕಿತ್ತು ತಂದವರು ಅವರೇ, ಕಣಜದ ಬಾಗಿಲು ತೆಗೆಯಬೇಕಾದವರೂ ಅವರೇ. ಅಲ್ಲಿ ಬಿದ್ದ ಗೆರೆಗೆ ಪ್ರಕೃತಿಯನ್ನು ದೂರುವಂತಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಸೀಮೆಯನ್ನು ನೋಡಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದ ಜನ ಹುಳುಗಳಂತೆ ಸತ್ತರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದವರು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಮಳೆ ಬರಲಿಲ್ಲ, ನಿಜ. ಮಳೆಗೆ ಬೀಗವಿಲ್ಲ. ಆದರೆ ಅದೇ ವರ್ಷಗಳಲ್ಲಿ ಈ ದೇಶದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಆ ಹಡಗಿಗೆ ಬೀಗದ ಕೈ ಇತ್ತು. ಆಮೇಲೆ ಕನ್ನಂಬಾಡಿ ಕಟ್ಟೆ ಎದ್ದಿತು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು, ಮದ್ದೂರು ಮಳವಳ್ಳಿ ಸೀಮೆ ಹಸಿರಾಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ನಾಡು ಎಂದು ಹೆಸರಾಯಿತು. ನೀರು ಗದ್ದೆ ಇದ್ದವರ ಗದ್ದೆಗೆ ಹೋಯಿತು. ಕಬ್ಬು ಕಡಿದವರ ಮಕ್ಕಳ ಹಲ್ಲಿನಲ್ಲಿ ಗೆರೆ ಉಳಿಯಿತು. ಹೊಲದಲ್ಲಿ ಬೆಳೆ ನಿಂತಿರುವಾಗಲೇ ಕೇರಿಯಲ್ಲಿ ಒಲೆ ಹತ್ತದಿದ್ದರೆ ಅದು ಬರಗಾಲವಲ್ಲ, ಬೀಗ. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅಲ್ಲಿಯವರೆಗೂ ಎಷ್ಟೋ ಮಕ್ಕಳು ಒಡೆಯನ ಕೊಟ್ಟಿಗೆಯಲ್ಲಿ ಅವನ ದನಗಳ ಹಲ್ಲು ಎಣಿಸಿದವು. ಆ ಮಕ್ಕಳ ಹಲ್ಲನ್ನು ಎಣಿಸಿದವರಿಲ್ಲ.

ನಮ್ಮ ಗೆಳೆಯರೇ ಕೆಲವರು ಇಲ್ಲಿ ಒಂದು ಆಕ್ಷೇಪ ಎತ್ತಿದರು. 'ಮೊದ್ಲೇ ನಮ್ಮನ್ನ ಮನುಷ್ರು ಅಂತ ನೋಡ್ನಿಲ್ಲ. ಈಗ ನೀವೇ ಹೋಗಿ ಮಂಗಗಳ ಪಕ್ಕದಲ್ಲಿ ಕೂರಿಸ್ತೀರಲ್ಲ?' ಈ ಮಾತಿನ ಹಿಂದಿರುವ ಗಾಯ ನಮಗೆ ಗೊತ್ತು. ಅದು ನಮ್ಮದೇ ಗಾಯ. ಆದರೂ ಹೇಳುತ್ತೇವೆ: ಅವಮಾನವಿರುವುದು ಮಂಗನ ಜೊತೆಗಿನ ನೆಂಟಸ್ತನದಲ್ಲಲ್ಲ. ಆ ನೆಂಟಸ್ತನ ನಮ್ಮೊಬ್ಬರದೂ ಅಲ್ಲ, ಬೈದ ಮೇಷ್ಟ್ರ ಹಲ್ಲೂ ಹಾಗೇ ಬೆಳೆದದ್ದು. ಎನಾಮಲ್ ಕಟ್ಟುವ ಜೀವಕೋಶಕ್ಕೆ ಮಡಿ ಮೈಲಿಗೆ ತಿಳಿಯದು. ಹಸಿದರೆ ಅಗ್ರಹಾರದ ಮಗುವಿಗೂ ಗೆರೆ ಬೀಳುತ್ತದೆ, ಕಾಡಿನ ಮರಿಗೂ ಬೀಳುತ್ತದೆ. ಮೈ ಹೇಳುವ ಸಮಾನತೆ ಇದು. ಗುಡಿಯೊಳಗೆ ಹನುಮಪ್ಪನಾಗಿ ಕೈಮುಗಿಸಿಕೊಳ್ಳುವ ಪ್ರಾಣಿ ತೋಟಕ್ಕೆ ಬಂದರೆ ಕಳ್ಳನಾಗಿ ಕವಣೆ ಕಲ್ಲು ತಿನ್ನುತ್ತದೆ. ಒಂದೇ ಜೀವವನ್ನು ಒಂದು ಕಡೆ ದೇವರು, ಇನ್ನೊಂದು ಕಡೆ ಕಾಟ ಎಂದು ಹಂಚುವ ಬುದ್ಧಿಯೇ ಮನುಷ್ಯರನ್ನೂ ಮೇಲು ಕೀಳು ಎಂದು ಹಂಚಿದ್ದು.

ಈ ಪ್ರಾಣಿ ತೋಟಕ್ಕೆ ಯಾಕೆ ಬಂತು ಎಂದೂ ಕೇಳಬೇಕು. ನಮ್ಮ ದಕ್ಷಿಣದಲ್ಲಿ ಮಾತ್ರ ಇರುವ, ತಲೆಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಮಂಗ ರಸ್ತೆಬದಿಯ ಆಲ, ಗೋಣಿ, ಅತ್ತಿ ಮರಗಳಲ್ಲಿ ತಲೆಮಾರುಗಳಿಂದ ಬದುಕುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಜೊತೆಯವರು ಮೈಸೂರಿನ ಸುತ್ತಮುತ್ತಲ ರಸ್ತೆಗಳಲ್ಲಿ ವರ್ಷಗಟ್ಟಲೆ ಈ ಮಂಗಗಳನ್ನು ಎಣಿಸಿದರು. ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ರಸ್ತೆ ಅಗಲವಾಯಿತು, ಮರ ಬಿತ್ತು. ಮರ ಕಡಿದವರಿಗೆ ಅದು ಅಭಿವೃದ್ಧಿ. ಮಂಗಕ್ಕೆ ಅದು ಅನ್ನದ ಬಾಗಿಲಿಗೆ ಬಿದ್ದ ಬೀಗ. ಕಬ್ಬಿನ ಗದ್ದೆ, ತೆಂಗಿನ ತೋಟ ಕಾಯುವ ರೈತನ ಕಷ್ಟವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಹಸಿದವನನ್ನು ಕಳ್ಳ ಎಂದು ಕರೆಯುವ ಮುಂಚೆ ಅವನ ಮರ ಕಡಿದವರು ಯಾರು ಎಂದು ಕೇಳುವುದು ನಮಗೆ ಅಭ್ಯಾಸವಾಗಬೇಕು. ನಮ್ಮನ್ನು ಕಬ್ಬು ಕದ್ದವರು ಎಂದಾಗ ಹಾಗೆ ಕೇಳುವವರು ಒಬ್ಬರೂ ಇರಲಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಗೆರೆ ಇಲ್ಲದ ಹಲ್ಲು ಸುಖದ ಹಲ್ಲೆ?

ಯೋಚಿಸಿ ನೋಡಿ. ಗೆರೆ ಬೀಳಬೇಕಾದರೆ ಕೆಲಸ ನಿಲ್ಲಬೇಕು, ಆಮೇಲೆ ಮತ್ತೆ ಶುರುವಾಗಬೇಕು. ಮತ್ತೆ ಶುರುವಾಗದಿದ್ದರೆ? ಜ್ವರ ಬಂದ ಮೂರೇ ದಿನಕ್ಕೆ ಸತ್ತ ಮಗುವಿನ ಹಲ್ಲಿನಲ್ಲಿ ಆ ಜ್ವರದ ಗೆರೆ ಇರುವುದಿಲ್ಲ. ಗೆರೆ ಎಂದರೆ ಸಾವಿನ ಜೊತೆ ಗುದ್ದಾಡಿ ಗೆದ್ದು ಬಂದವರ ಗುರುತು. ಹಳೆಯ ಮೂಳೆಗಳನ್ನು ಓದುವ ವಿಜ್ಞಾನಿಗಳು 1992ರಿಂದ ಈ ತೊಡಕನ್ನು ಕುರಿತು ವಾದಿಸುತ್ತಲೇ ಇದ್ದಾರೆ. ಗೆರೆ ಇಲ್ಲದ ಅಸ್ಥಿ ಹೊಟ್ಟೆತುಂಬ ಉಂಡವನದೂ ಆಗಿರಬಹುದು, ಮೊದಲ ಪೆಟ್ಟಿಗೇ ಬಿದ್ದವನದೂ ಆಗಿರಬಹುದು. ನಮ್ಮಜ್ಜಿ ಎಂಟು ಹೆತ್ತಳು, ನಾಲ್ಕು ಉಳಿದವು. ಉಳಿದ ನಾಲ್ಕರ ಹಲ್ಲಿನಲ್ಲೂ ಗೆರೆ ಇದೆ. ಹೋದ ನಾಲ್ಕಕ್ಕೆ ಹಲ್ಲೇ ಬಂದಿರಲಿಲ್ಲ. ಅವುಗಳ ಸಾಕ್ಷಿ ಯಾವ ದವಡೆಯಲ್ಲೂ ಸಿಗುವುದಿಲ್ಲ. ಅಜ್ಜಿ ಮಾತ್ರ ಒಬ್ಬೊಬ್ಬರ ಹೆಸರು ಹೇಳಿ, 'ಅದು ಕೆಂಪ್ಗಿತ್ತು, ಇದು ಅಪ್ಪನಂಗಿತ್ತು' ಅನ್ನುತ್ತಾಳೆ. ವಿಜ್ಞಾನ ಮುಗಿದಲ್ಲಿ ಅಜ್ಜಿಯ ಬಾಯಿಮಾತೇ ದಾಖಲೆ. ಅದನ್ನು ಕಡೆಗಣಿಸುವ ಹಕ್ಕು ಯಾವ ಪಂಡಿತನಿಗೂ ಇಲ್ಲ.

ಇದಕ್ಕೇ ನಮಗೆ ಇನ್ನೊಂದು ಭಯ. ನಾಳೆ ಯಾರಾದರೂ ಅಧಿಕಾರಿ, 'ಹಸಿವಿತ್ತು ಅಂತೀರಲ್ಲ, ಎಲ್ಲಿ ಹಲ್ಲು ತೋರ್ಸಿ' ಎಂದು ಕೇಳಿದರೆ? ಬಡವರನ್ನು ರುಜುವಾತು ಕೇಳುವುದರಲ್ಲಿ ನಮ್ಮ ವ್ಯವಸ್ಥೆಗೆ ಎಲ್ಲಿಲ್ಲದ ಉತ್ಸಾಹ. ಜಾತಿಗೆ ಸರ್ಟಿಫಿಕೇಟು, ಬಡತನಕ್ಕೆ ಕಾರ್ಡು, ಅಕ್ಕಿಗೆ ಹೆಬ್ಬೆರಳು. ಕೂಲಿ ಮಾಡಿ ಸವೆದ ಹೆಬ್ಬೆರಳಿನ ಗೆರೆಯನ್ನು ಯಂತ್ರ ಗುರುತಿಸದಿದ್ದರೆ ಆ ಮನುಷ್ಯ ಇದ್ದೂ ಇಲ್ಲ. ಅದಕ್ಕೇ ಹೇಳುತ್ತೇವೆ, ಹಲ್ಲಿನ ಗೆರೆ ಅನ್ನಕ್ಕೆ ಅರ್ಹತಾಪತ್ರ ಆಗಕೂಡದು. ಗೆರೆ ಕಣ್ಣಿಗೆ ಕಾಣುವ ಹೊತ್ತಿಗೆ ಹಸಿವು ತನ್ನ ಕೆಲಸ ಮುಗಿಸಿ ವರ್ಷಗಳಾಗಿರುತ್ತವೆ. ಆ ಹಲ್ಲಿಗೆ ಇನ್ನು ಯಾವ ಸರ್ಕಾರವೂ ನ್ಯಾಯ ಕೊಡಲಾರದು. ಓದಿದ್ದರಿಂದ ಉಪಯೋಗವಾಗುವುದಿದ್ದರೆ ಅದು ಇನ್ನೂ ವಸಡಿನೊಳಗಿರುವ ಹಲ್ಲಿಗೆ.

ಸತ್ತವರ ಹಲ್ಲನ್ನು ಓದುವುದಕ್ಕೂ ಒಂದು ನೀತಿ ಬೇಕು. 1991ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ಅಗೆಯುವಾಗ ಆಫ್ರಿಕಾದಿಂದ ತಂದ ಗುಲಾಮರ ಮತ್ತು ಅವರ ಮಕ್ಕಳ ಹಳೆಯ ಸ್ಮಶಾನ ಸಿಕ್ಕಿತು. ನಾನೂರಕ್ಕೂ ಹೆಚ್ಚು ಜನರ ಅಸ್ಥಿ. ಮೇಲೆ ಊರು ಬೆಳೆದು ಅವರನ್ನು ಮರೆತಿತ್ತು. ಕಪ್ಪು ಜನ ಬೀದಿಗಿಳಿದು, ಕಟ್ಟಡ ನಿಲ್ಲಿಸಿ, ಇವರು ನಮ್ಮ ಹಿರಿಯರು ಎಂದರು. ಅವರ ಒತ್ತಾಯದಿಂದ ಅಸ್ಥಿಗಳು ಹೊವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದವು. ಮೈಕೇಲ್ ಬ್ಲೇಕಿ ಎಂಬ ಕಪ್ಪು ವಿದ್ವಾಂಸರ ನೇತೃತ್ವದಲ್ಲಿ ಅಧ್ಯಯನವಾಯಿತು. ಹಲ್ಲಿನ ಗೆರೆಗಳು ಬಾಲ್ಯದ ಹಸಿವು ರೋಗಗಳನ್ನು ಹೇಳಿದವು, ಮೂಳೆಗಳು ಹೊತ್ತ ಭಾರವನ್ನು ಹೇಳಿದವು. 2003ರಲ್ಲಿ ಎಲ್ಲರನ್ನೂ ಗೌರವದಿಂದ ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಿದರು. ಮೊದಲು ಕೇಳಿದರು, ಆಮೇಲೆ ಓದಿದರು, ಓದಿ ಹಿಂದಿರುಗಿಸಿದರು. ಇದನ್ನು ನಾವು ಕಲಿಯಬೇಕು.

ಈಗ ನಮ್ಮ ಅನ್ನದ ಕಡೆಗೆ ಬರೋಣ. ನಾವು ಬಿಸಿಯೂಟ ಉಂಡು ಓದಿದ ತಲೆಮಾರು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಹಲ್ಲಿನ ಲೆಕ್ಕದಲ್ಲಿ ನೋಡಿದರೆ ಇದರ ಅರ್ಥ ಬೇರೆಯೇ ಆಗಿ ಕಾಣುತ್ತದೆ. ಮುಂದಿನ ಹಲ್ಲಿನ ಬರಹ ಮಗು ಒಂದನೇ ಕ್ಲಾಸಿಗೆ ಸೇರುವ ಮುಂಚೆಯೇ ಮುಗಿದಿರುತ್ತದೆ. ಶಾಲೆಯ ಅನ್ನ ತಲುಪುವುದು ಏಳೆಂಟು ವರ್ಷದ ಮೇಲೆ ಕಟ್ಟತೊಡಗುವ ಕೊನೆಯ ದವಡೆಹಲ್ಲಿಗೆ, ಬುದ್ಧಿಹಲ್ಲು ಅನ್ನುತ್ತಾರಲ್ಲ, ಅದಕ್ಕೆ. ಮುಂದಿನ ಹಲ್ಲಿಗೆ ಅನ್ನ ತಲುಪಬೇಕಾದರೆ ಅಂಗನವಾಡಿ ನೆಟ್ಟಗಿರಬೇಕು. ಆ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ಪಕ್ಕದ ತಿ. ನರಸೀಪುರವೂ ಒಂದು. ಹಾಲುಹಲ್ಲಿಗೆ ತಲುಪಬೇಕಾದರೆ ಬಸುರಿ ಹೆಂಗಸಿನ ತಟ್ಟೆಯಲ್ಲಿ ಅನ್ನ ಇರಬೇಕು. ಕರ್ನಾಟಕದಲ್ಲಿ ಅದಕ್ಕೆಂದು ಮಾತೃಪೂರ್ಣ ಬಂದದ್ದು 2017ರಲ್ಲಿ. ಹುಟ್ಟುವ ಮುಂಚಿನಿಂದ ಹದಿನಾಲ್ಕು ಹದಿನೈದು ವರ್ಷದವರೆಗೆ ಯಾವುದೋ ಒಂದು ಹಲ್ಲು ಬರೆಯುತ್ತಲೇ ಇರುತ್ತದೆ. ಒಂದು ದಿನ ಅಂಗನವಾಡಿಗೆ ದಿನಸಿ ಬರಲಿಲ್ಲವೆಂದರೆ ಕಡತದಲ್ಲಿ ಅದು ಮುಚ್ಚಿಹೋಗಬಹುದು. ತಿಂಗಳುಗಟ್ಟಲೆ ಬಾರದಿದ್ದರೆ ಹಲ್ಲಿನಲ್ಲಿ ಮುಚ್ಚಿಹೋಗದು.

2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮಕ್ಕಳಿಗೆ ಮೊಟ್ಟೆ ಕೊಡಲು 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಆರಂಭಿಸಿದಾಗ ಕೆಲವು ಮಠಾಧೀಶರು ಬೇಡವೆಂದರು. ಬೇಡದವರಿಗೆ ಬಾಳೆಹಣ್ಣಿತ್ತು. ಆದರೂ ಬೇರೆಯವರ ಮಗುವಿನ ತಟ್ಟೆಯ ಮೊಟ್ಟೆ ಅವರಿಗೆ ಚುಚ್ಚಿತು. ಬೀಗದ ಕೈ ಕಬ್ಬಿಣದ್ದೇ ಆಗಿರಬೇಕಿಲ್ಲ, ಮಡಿಯ ಮಾತೂ ಬೀಗದ ಕೈಯಾಗುತ್ತದೆ.

'ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು' ಎಂದು ಗಾದೆ ಇದೆ. ಕೊಟ್ಟದ್ದನ್ನು ತೆಪ್ಪಗೆ ತಗೊ, ಕಲ್ಲು ಹುಳ ಅಂತ ನೋಡಬೇಡ ಎಂಬುದು ಅದರ ತಾತ್ಪರ್ಯ. ನಮಗೆ ಬಂದದ್ದು ದಾನವಲ್ಲ. ನಮ್ಮವರು ನಾಟಿ ಹಾಕಿದ ಭತ್ತ, ನಮ್ಮವರು ಕಡಿದ ಕಬ್ಬು, ನ್ಯಾಯಾಲಯ ಹೇಳಿದ ಹಕ್ಕು. ಆದ್ದರಿಂದ ಎಮ್ಮೆಯ ಹಲ್ಲನ್ನು ಎಣಿಸುತ್ತೇವೆ. ಬೇಳೆ ನೀರಾಗಿದ್ದರೆ ಕೇಳುತ್ತೇವೆ. ಪಂಕ್ತಿ ಬೇರೆಯಾಗಿದ್ದರೆ ಕೇಳುತ್ತೇವೆ.

ಕೇಳಲೇಬೇಕು, ಯಾಕೆಂದರೆ ಅನ್ನವೊಂದೇ ಸಾಲದು. ದ್ವೀಪದ ಮಂಗಗಳಿಗೆ 1956ರ ಮೇಲೆ ಹೊಟ್ಟೆತುಂಬ ಸಿಕ್ಕಿತು, ಗೆರೆ ಕಡಿಮೆಯಾಯಿತು. ಆದರೆ ಸುತ್ತ ಸಮುದ್ರ ಹಾಗೇ ಇತ್ತು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲೇ ಇತ್ತು. ಮೃಗಾಲಯದ ಗೊರಿಲ್ಲ ಮರಿಗೆ ಹಸಿವಿನ ಕಾಟ ಇರಲಿಲ್ಲ. ಪೆಟ್ಟು, ಆಸ್ಪತ್ರೆ, ಜಾಗ ಬಿಡಿಸಿದ್ದು ಇವೇ ಅದರ ಹಲ್ಲಿಗೆ ಗುರುತು ಹಾಕಿದವು. ಉಣ್ಣಲು ಕೊಟ್ಟವನು ಒಡೆಯನಾಗಿಯೇ ಉಳಿದರೆ ಗೆರೆಯಿಲ್ಲದ ಹಲ್ಲಿನ ಜೀತಗಾರರು ಹುಟ್ಟುತ್ತಾರೆ ಅಷ್ಟೆ. ಹಲ್ಲು ಹೇಳುವ ಸತ್ಯಕ್ಕೆ ಒಂದು ಮಿತಿಯಿದೆ. ಅದರಾಚೆಗಿನದನ್ನು ಬಾಯೇ ಹೇಳಬೇಕು.

ಹಳ್ಳಿಗಳಲ್ಲಿ ಪಾಠ ಮಾಡುವ ಮೇಷ್ಟ್ರು ಮೇಡಮ್ಮುಗಳಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮ ಕ್ಲಾಸಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗು ಇರಬಹುದು. ಸಾಲಾಗಿ ನಿಲ್ಲಿಸಿ ಹಲ್ಲು ನೋಡಬೇಡಿ. ಹಲ್ಲು ಹೇಗೆ ಬೆಳೆಯುತ್ತದೆಂದು ಬೋರ್ಡಿನ ಮೇಲೆ ಬರೆದು ಹೇಳಿ. ಗೆರೆ ಯಾಕೆ ಬೀಳುತ್ತದೆಂದು ಹೇಳಿ. ಗೆರೆ ಇರುವ ಹಲ್ಲು ಗೆದ್ದು ಬಂದವರ ಹಲ್ಲು ಎಂದೂ ಹೇಳಿ. ಕೈ ತಾನಾಗಿ ಇಳಿಯುತ್ತದೆ.

ಇದನ್ನೆಲ್ಲ ಒಂದು ಸಂಜೆ ನಮ್ಮಜ್ಜಿಗೆ ಹೇಳಿದೆವು. ಮಂಗ, ದ್ವೀಪ, ಗೆರೆ ಎಲ್ಲ. ಅವಳು ಎಲೆಅಡಿಕೆ ಕುಟ್ಟುತ್ತಾ ಕೇಳಿಸಿಕೊಂಡಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, 'ಅಂಗಾರೆ ನಮ್ಮವ್ವ ನಂಗೆ ಒಟ್ಟೆಗಿಕ್ದೆ ಇದ್ದುದ್ದು ಅವ್ಳ ತಪ್ಪಲ್ಲ ಅನ್ನು' ಅಂದಳು. ಎಷ್ಟು ವರ್ಷದಿಂದ ಆ ಮಾತು ಅವಳೊಳಗೆ ಕೂತಿತ್ತೋ.

ಮೊನ್ನೆ ನಮ್ಮಕ್ಕನ ಮಗಳಿಗೆ ಮೊದಲ ಹಾಲುಹಲ್ಲು ಬಿತ್ತು. ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು ಪದ್ಧತಿ. ಎಸೆಯುವ ಮುಂಚೆ ಅಜ್ಜಿ ಅದನ್ನು ತೆಗೆದುಕೊಂಡು, ದೀಪದ ಹತ್ತಿರ ಹಿಡಿದು, ಉಗುರಿನಿಂದ ಸವರಿ ಸವರಿ ನೋಡಿದಳು. 'ನುಣ್ಣಗೈತೆ ಕಣ್ಲಾ' ಅಂದಳು. ಆಮೇಲೆ ಎಸೆದಳು.